ಸಲೋಮಿಬಾಯಿಯ ಸೋಸುಬಟ್ಟೆ

ಮಾಳೇವಾಡಿಗೆ ಬಂದ ಮೊದಲ ವಾರದಲ್ಲೇ ಸಲೋಮಿ ಚಂದ್ರಭಾಗಾಳ ಕಾಲಿನ ನಾರುಹುಳವನ್ನು ನೋಡಿದಳು. ಕುರಿ ಕಾಯುವ ಹಣಮಂತಪ್ಪನ ಹೆಂಡತಿ ಚಂದ್ರಭಾಗಾ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಹರಡಿನ ಮೇಲೆ ಗುಳ್ಳೆ ಒಡೆದು, ಬಿಳಿ ನೂಲಿನಂಥ ಹುಳ ಹೊರಗೆ ತಲೆ ಹಾಕಿತ್ತು. ಅದನ್ನು ಅವಳು ಒಂದು ಸಣ್ಣ ಕಡ್ಡಿಗೆ ಸುತ್ತಿಕೊಂಡಿದ್ದಳು. ದಿನಾ ಒಂದಿಷ್ಟು ಎಳೆಯಬೇಕು, ಹರಿಯಬಾರದು. ಒಳಗೇ ಹರಿದುಹೋದರೆ ಕಾಲು ಕೀವು ತುಂಬಿ ಊದಿಕೊಳ್ಳುತ್ತದೆ. ಊರಿನಲ್ಲಿ ಹಾಗೆ ಕುಂಟಾದವರು ಬೇಕಾದಷ್ಟು ಮಂದಿ ಇದ್ದರು.

"ಉರಿ ಭಾಳ ಅದೇನು?" ಎಂದು ಸಲೋಮಿ ಕೇಳಿದಳು.

"ಬೆಂಕಿ ಇಟ್ಟಂಗ ಆಗ್ತದ್ರಿ ಬಾಯಿ. ತಡೀಲಿಕ್ಕ ಆಗಲಿಲ್ಲಂದ್ರ ಬಾವ್ಡಿಗಿ ಹೋಗಿ ನೀರಾಗ ಕಾಲಿಟ್ಟು ಕೂಡ್ತೇನಿ. ಆಗ ಜರಾ ತಂಪ ಅನಸ್ತದ."

ಬಾವಡಿ ಎಂದರೆ ಊರಿನ ಮೆಟ್ಟಿಲುಬಾವಿ. ಇಡೀ ಮಾಳೇವಾಡಿ ಕುಡಿಯುತ್ತಿದ್ದುದು ಆ ನೀರನ್ನೇ. ಹೆಂಗಸರು ಮೊಣಕಾಲ ತನಕ ಇಳಿದು ಕೊಡ ಮುಳುಗಿಸಿ ತರುತ್ತಿದ್ದರು. ಚಂದ್ರಭಾಗಾ ಕಾಲಿಟ್ಟು ತಂಪು ಮಾಡಿಕೊಂಡಾಗಲೆಲ್ಲ ಹುಳದ ಮರಿಗಳು ಆ ನೀರಿಗೆ ಇಳಿಯುತ್ತಿದ್ದವು, ಆ ನೀರು ಕುಡಿದವರ ಕಾಲಿನಲ್ಲಿ ಬರುವ ವರ್ಷ ಹುಳ ಏಳುತ್ತಿತ್ತು. ಇದು ಸಲೋಮಿಗೆ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ.

ಸಲೋಮಿ ಬೀದರದ ಮೈಲೂರಿನವಳು. ತಾಯಿ ಮಿಶನ್ ದವಾಖಾನೆಯಲ್ಲಿ ರೋಗಿಗಳ ಬಟ್ಟೆ ಒಗೆದು ಮಗಳನ್ನು ಓದಿಸಿ ನರ್ಸ್ ಮಾಡಿಸಿದ್ದಳು. ಮದುವೆಯಾದದ್ದು ವಿಲ್ಸನ ಎಂಬ ಸಾಲಿ ಮಾಸ್ತರನನ್ನು. ಮೃದು ಮನುಷ್ಯ, ಜೋರಾಗಿ ಮಾತಾಡಿದವನಲ್ಲ. ನಿಜಾಮನ ರಾಜ್ಯದ ಕೊನೆಯ ವರ್ಷಗಳಲ್ಲಿ ಔರಾದ ತಾಲ್ಲೂಕಿನ ಚಿಂತಾಕಿಯ ಆಚೆಗಿದ್ದ ಮಾಳೇವಾಡಿಯ ಸಣ್ಣ ಸಾಲಿಗೆ ಅವನನ್ನು ಕಳಿಸಿದರು. ಸಾಲಿಯ ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಮಕ್ಕಳಾಗಿರಲಿಲ್ಲ. ಹೆರಿಗೆ, ಜ್ವರ, ಗಾಯ ಎಂದರೆ ಊರಿನವರು ಮಾಸ್ತರಬಾಯಿಯನ್ನು ಕರೆಯತೊಡಗಿದರು.

ಮೊದಲು ಅವಳು ದವಾಖಾನೆಯಲ್ಲಿ ಕಲಿತದ್ದನ್ನೇ ಹೇಳಿದಳು. ನೀರು ಕುದಿಸಿ ಕುಡಿಯಿರಿ. ಮನೆಮನೆಗೂ ಹೋಗಿ ಹೇಳಿದಳು. ಎಲ್ಲರೂ ತಲೆಯಾಡಿಸಿದರು, ಒಬ್ಬರೂ ಕುದಿಸಲಿಲ್ಲ. ಕಡೆಗೆ ಚಂದ್ರಭಾಗಾಳೇ ನಕ್ಕು ಹೇಳಿದಳು.

"ಕುದಿಸ್ಲಿಕ್ಕ ಕಟಿಗಿ ಎಲ್ಲಿಂದ ತರಬೇಕ್ರಿ ಬಾಯಿ? ರೊಟ್ಟಿ ಬಡೀಲಿಕ್ಕೇ ತೊಗರಿ ಕಟಿಗಿ ಸಾಲಲ್ಲ. ನಮ್ಮ ಅತ್ತಿ ಕಂಡ್ರ, ನೀರಿಗೂ ಅಡಗಿ ಮಾಡೂ ಸೊಸಿ ಬಂದಾಳ ಅಂತ ಊರೆಲ್ಲ ಸಾರಿ ಬರ್ತಾಳ."

ಸಲೋಮಿಗೆ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ಅವರ ಒಲೆಯನ್ನು ದಿನವೂ ನೋಡುತ್ತಿದ್ದರೂ ಒಲೆಗೆ ಏನು ಹಾಕುತ್ತಾರೆಂದು ತಾನು ನೋಡಿರಲಿಲ್ಲ. ಅಂದಿನಿಂದ ಕುದಿಸುವ ಮಾತು ಬಿಟ್ಟಳು. ಇವರು ದಿನಾ ಮಾಡುವ ಕೆಲಸಕ್ಕೆ ಏನನ್ನಾದರೂ ಅಂಟಿಸಬಹುದೇ, ಮತ್ತೊಂದು ಕೆಲಸ ಎಂದು ಅನ್ನಿಸದಷ್ಟು ಸಣ್ಣದು, ಎಂದು ಯೋಚಿಸುತ್ತ ಬಾವಡಿಯ ದಂಡೆಯ ಮೇಲೆ ಕೂತಳು. ಹೆಂಗಸರು ಬರುವುದು, ಇಳಿಯುವುದು, ಕೊಡ ತುಂಬುವುದು, ಒಬ್ಬರ ತಲೆಗೊಬ್ಬರು ಎತ್ತಿಕೊಡುವುದು ನೋಡಿದಳು. ಕೊಡ ಮರೆತು ಬಾವಡಿಗೆ ಬಂದವಳು ಒಬ್ಬಳೂ ಇರಲಿಲ್ಲ.

ವಿಲ್ಸನನ ಹಳೇ ಧೋತರವೊಂದನ್ನು ಹರಿದು, ಎರಡು ಮಡಿಕೆ ಮಾಡಿ, ಅಂಚು ಹೊಲಿದು, ಒಂದು ಮೂಲೆಗೆ ದಾರ ಹಾಕಿ ಚಂದ್ರಭಾಗಾಳ ಕೊಡದ ಕೊರಳಿಗೇ ಕಟ್ಟಿದಳು.

"ಏನೂ ನೆನಪಿಡಬ್ಯಾಡ. ಕೊಡದ ಜೋಡಿ ಬಟ್ಟಿ ಬರ್ತದ. ತುಂಬೂ ಮುಂದ ಕೊಡದ ಬಾಯಿಗಿ ಹಾಕು, ಅಷ್ಟೇ."

ಸೋಸಿದ ಮೇಲೆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ತೋರಿಸಿದಳು. ಚುಕ್ಕಿಯಷ್ಟು ಸಣ್ಣ ಜೀವಗಳು ಒದ್ದೆ ನೂಲಿನ ಮೇಲೆ ಚಿಮ್ಮುತ್ತಿದ್ದವು. ಚಂದ್ರಭಾಗಾ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಏ ಯವ್ವಾ, ಇಷ್ಟ ದಿನ ಇವನ್ನ ಕುಡ್ದೇನೇನ್ರಿ?"

ಬಟ್ಟೆಯನ್ನು ತಿರುಗಿಸಿ ಹಾಕಿದರೆ ಹಿಡಿದದ್ದೆಲ್ಲ ಕೊಡಕ್ಕೇ ಬೀಳುತ್ತದಲ್ಲ ಎಂದು ಹೊಳೆದದ್ದು ಚಂದ್ರಭಾಗಾಳಿಗೆ. ಮೇಲುಮೈ ಗುರುತಿಗೆ ಕೆಂಪು ನೂಲಿನ ಒಂದು ಹೊಲಿಗೆ ಹಾಕಿದವಳೂ ಅವಳೇ. ಕಾಲು ವಾಸಿಯಾದ ಮೇಲೆ ತಾನೇ ಅಕ್ಕಪಕ್ಕದವರ ಕೊಡಗಳಿಗೆ ಬಟ್ಟೆ ಕಟ್ಟಿಕೊಡುತ್ತ ಹೋದಳು. ಮರುವರ್ಷ ಸಲೋಮಿ ಇನ್ನೊಂದು ಸಣ್ಣ ಮಾತು ಸೇರಿಸಿದಳು. ಕಾಲಲ್ಲಿ ಹುಣ್ಣಿದ್ದವರು ನೀರಿಗೆ ಇಳಿಯುವುದು ಬೇಡ, ಅವರ ಕೊಡವನ್ನು ಬೇರೆಯವರು ತುಂಬಿಕೊಡಲಿ. ಅದರ ಮರುವರ್ಷ, ಎಲ್ಲರೂ ಮೇಲಿನ ಮೆಟ್ಟಿಲಿನಿಂದಲೇ ಹಗ್ಗ ಬಿಟ್ಟು ಸೇದಲಿ. ಒಂದು ರೂಢಿಯಾಗುವ ತನಕ ಮುಂದಿನದರ ಹೆಸರೆತ್ತುತ್ತಿರಲಿಲ್ಲ. ಹಣಮಂತಪ್ಪನಂಥವರೂ ಕುರಿಯ ಹಿಂದೆ ಹೋದಾಗ ಹಳ್ಳದ ನೀರಿಗೆ ರುಮಾಲಿನ ಚುಂಗು ಹಾಕಿ ಹೀರುವುದನ್ನು ಕಲಿತರು. ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಕಡ್ಡಿಗೆ ಹುಳ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತವರನ್ನು ಹುಡುಕಬೇಕಾಯಿತು.

ಆ ವರ್ಷಗಳಲ್ಲಿ ಸಲೋಮಿಗೆ ಚಂದ್ರಭಾಗಾ ತಂಗಿಯಂತಾಗಿದ್ದಳು. ಅವಳ ಎರಡನೆಯ ಹೆರಿಗೆ ಮಾಡಿಸಿದ್ದು ಸಲೋಮಿ. ಸಲೋಮಿಗೆ ಜ್ವರ ಬಂದಾಗ ಅಂಬಲಿ ಮಾಡಿ ತಂದು ಕುಡಿಸಿದ್ದು ಚಂದ್ರಭಾಗಾ.

ಆಮೇಲೆ ನಿಜಾಮನ ಪರ ಆಯುಧ ಹಿಡಿದ ರಜಾಕಾರರ ದಿನಗಳು ಬಂದವು. ಔರಾದದ ಸುತ್ತ ಯಾವ ಊರು ಸುಟ್ಟಿತು, ಯಾರ ಮನೆ ಲೂಟಿಯಾಯಿತು ಎಂಬ ಸುದ್ದಿ ಬಿಟ್ಟು ಬೇರೆ ಸುದ್ದಿಯೇ ಇರಲಿಲ್ಲ. ಉಳ್ಳವರು ಗಡಿ ದಾಟಿಹೋದರು. ಮಾಳೇವಾಡಿಯ ದೊಡ್ಡ ಕುಳ ದತ್ತಾತ್ರಿಯೂ ಮನೆಮಂದಿಯನ್ನು ಕಟ್ಟಿಕೊಂಡು ಸೋಲಾಪುರದ ಕಡೆ ಹೋದ. ಹೋಗಲಾಗದವರು ಉಳಿದರು. ಒಂದು ಮಧ್ಯಾಹ್ನ ಚಂದ್ರಭಾಗಾ ಸಲೋಮಿಯ ಅಡಿಗೆಮನೆಗೆ ಬಂದು ಗೋಡೆಗೆ ಒರಗಿ ಅತ್ತಳು.

"ನಮ್ಮ ಮನಿಯವರು ರಜಾಕಾರರಿಗಿ ಕುರಿ ಒಯ್ದು ಕೊಡ್ಲತ್ತಾರ್ರಿ ಬಾಯಿ. ಕೊಡಲಿಲ್ಲಂದ್ರ ಹಟ್ಟಿ ಸುಡ್ತೇವಂದಾರ. ಯಾರ ಮುಂದೂ ಅನ್ನಬ್ಯಾಡ್ರಿ. ಊರಾಗ ಗೊತ್ತಾದ್ರ ಇವರನ್ನ ಜೀವಂತ ಬಿಡಲ್ಲ."

"ಅನ್ನಲ್ಲ," ಎಂದಳು ಸಲೋಮಿ. ವಿಲ್ಸನನಿಗೂ ಹೇಳಲಿಲ್ಲ.

ಅದೇ ಮಳೆಗಾಲದ ಆರಂಭದಲ್ಲಿ ತಾಲ್ಲೂಕಿನಲ್ಲಿ ಲಸಿಕೆ ಹಾಕುತ್ತಿದ್ದ ಜಹೀರೋದ್ದೀನ ಸೈಕಲ್ ಮೇಲೆ ಬಂದು ಒಂದು ತಗಡಿನ ಡಬ್ಬಿ ಕೊಟ್ಟುಹೋದ. ಕಾಲರಾ ಬಂದಾಗ ಬಾವಿಗೆ ಹಾಕುವ ಕೆಂಪು ಪುಡಿ. "ಹೈಜಾ ಈ ಕಡಿ ಬರ್ಲತ್ತದ್ರಿ ಸಿಸ್ಟರ್. ಮತ್ತ ನಾ ಬರ್ಲಿಕ್ಕ ಆಗ್ತದೋ ಇಲ್ಲೋ. ಬಂತಂದ್ರ ಇದನ್ನ ಕಲಸಿ ಬಾವ್ಡಿಗಿ ಹಾಕಿಬಿಡ್ರಿ," ಎಂದ. ವರ್ಷಗಳಿಂದ ಬರುತ್ತಿದ್ದ ಸಭ್ಯ ಮನುಷ್ಯ. ಅವನೂ ಹೆದರಿದ್ದ. ಬಾವಡಿ ಹತ್ತಿರವೆಂದು ಸಲೋಮಿ ಡಬ್ಬಿಯನ್ನು ಚಂದ್ರಭಾಗಾಳ ಮನೆಯ ಗೂಡಿನಲ್ಲಿ ಇಟ್ಟಳು. ಅದು ಏನು, ಎಷ್ಟು ಹಾಕಬೇಕು ಎಂಬುದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದಳು.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಒಳಗೆ ಬಂದು ಪೊಲೀಸ್ ಆಕ್ಷನ್ ಆಯಿತು. ಕೆಲವೇ ದಿನಗಳಲ್ಲಿ ನಿಜಾಮನ ಸರಕಾರ ಬಿತ್ತು, ರಜಾಕಾರರು ದಿಕ್ಕಾಪಾಲಾದರು. ಗಡಿಯಾಚೆ ಹೋದವರು ಗಾಡಿಗಳಲ್ಲಿ ತಿರುಗಿ ಬಂದರು. ಬಂದವರ ಬಾಯಲ್ಲಿ ಜೈಕಾರವಿತ್ತು, ಕಣ್ಣಲ್ಲಿ ಸಿಟ್ಟು. ಊರುಊರುಗಳಲ್ಲಿ ಯಾರು ಯಾರಿಗೆ ಏನು ಕೊಟ್ಟಿದ್ದರು ಎಂಬ ವಿಚಾರಣೆ ಶುರುವಾಯಿತು. ತಪ್ಪು ಮಾಡಿದವರ ಜೊತೆ ಏನೂ ಮಾಡದವರ ಮೇಲೂ ಕೈ ಬಿತ್ತು. ಸುತ್ತಲಿನ ಮುಸಲ್ಮಾನರ ಎಷ್ಟೋ ಮನೆಗಳು ಬರಿದಾದವು. ಮಾಳೇವಾಡಿಯಲ್ಲಿ ದತ್ತಾತ್ರಿ ಚಾವಡಿಯ ಕಟ್ಟೆಯ ಮೇಲೆ ಕೂತು, "ರಜಾಕಾರರಿಗಿ ಕುರಿ ಮುಟ್ಟಿಸಿದವ ಯಾವನು?" ಎಂದು ದಿನಾ ಕೇಳತೊಡಗಿದ. ಹಣಮಂತಪ್ಪ ಬಿಳಿಚಿಕೊಂಡು ತಿರುಗುತ್ತಿದ್ದ.

ಅದೇ ಹೊತ್ತಿಗೆ ಹೈಜಾದ ವಾಂತಿಭೇದಿ ಬಂತು. ಹಾದಿಯ ನೀರು ಕುಡಿದು ಬಂದವರಲ್ಲೇ ಮೊದಲು ಕಾಣಿಸಿಕೊಂಡಿತು. ದತ್ತಾತ್ರಿಯ ಮೊಮ್ಮಗಳು, ಇನ್ನೂ ಮಾತು ಕಲಿಯುತ್ತಿದ್ದ ಕೂಸು, ಬೆಳಿಗ್ಗೆ ಮಲಗಿದ್ದು ಸಂಜೆಗೆ ತೀರಿಕೊಂಡಿತು. ಸಲೋಮಿ ಆ ಕೂಸಿನ ಬಾಯಿಗೆ ಉಪ್ಪುಸಕ್ಕರೆಯ ನೀರು ಬಿಡುತ್ತ ಕೊನೆಯ ತನಕ ಪಕ್ಕದಲ್ಲೇ ಕೂತಿದ್ದಳು. ಮಾರನೆಯ ದಿನ ಬೆಳಕು ಹರಿಯುತ್ತಲೇ ಚಂದ್ರಭಾಗಾಳನ್ನು ಎಬ್ಬಿಸಿದಳು. ಇಬ್ಬರೂ ಸೇರಿ ಬಕೀಟಿನಲ್ಲಿ ಪುಡಿ ಕಲಸಿ, ಮೆಟ್ಟಿಲಿನ ಆಚೆ ಒಬ್ಬಳು ಈಚೆ ಒಬ್ಬಳು ನಿಂತು ಬಾವಡಿಗೆ ಸುರಿದರು. ನೀರು ದಾಸವಾಳದ ಬಣ್ಣಕ್ಕೆ ತಿರುಗಿತು. ಇಬ್ಬರ ಬೆರಳುಗಳಿಗೂ ಕಂದು ಕಲೆ ಹತ್ತಿತು, ತಿಕ್ಕಿದರೆ ಹೋಗುವಂಥದ್ದಲ್ಲ.

"ಸಂಜಿ ತನಕ ಯಾರೂ ತುಂಬಬ್ಯಾಡ್ರಿ ಅಂತ ಮನಿಮನಿಗಿ ಹೇಳೋಣ ನಡಿ," ಎಂದಳು ಸಲೋಮಿ.

ಹೇಳುವ ಮೊದಲೇ ಯಾರೋ ಬಂದು ನೀರು ನೋಡಿ ಚೀರಿದ್ದರು.

ಚಾವಡಿಯ ಮುಂದೆ ಊರಿಗೆ ಊರೇ ನೆರೆಯಿತು. ಸಲೋಮಿಗೆ ಭಯವಾಗಿರಲಿಲ್ಲ. ವಿವರಿಸಿದರೆ ಮುಗಿಯುವ ಮಾತು ಎಂದುಕೊಂಡಿದ್ದಳು. ಈ ಜನರ ಕೂಸುಗಳನ್ನು ತಾನೇ ಕೈಯಲ್ಲಿ ಹಿಡಿದಿಲ್ಲವೇ?

"ಏನ್ ಹಾಕಿದಿ ಬಾವ್ಡಿಗಿ?" ದತ್ತಾತ್ರಿ ಕೇಳಿದ. ನಿನ್ನೆ ತನಕ ಬಹುವಚನದಲ್ಲಿ ಮಾತಾಡುತ್ತಿದ್ದವನು.

"ಔಷಧ ರೀ. ಹೈಜಾದ ಹುಳ ಸಾಯಲಿ ಅಂತ."

"ಯಾರು ಕೊಟ್ರು?"

"ಜಹೀರೋದ್ದೀನರು ಕೊಟ್ಟಿದ್ರು. ಟೀಕಾ ಹಾಕ್ಲಿಕ್ಕ ಬರ್ತಿದ್ರಲ್ರಿ, ಔರಾದದವರು."

ಹೆಸರು ಬಾಯಿಂದ ಹೊರಬಿದ್ದ ಕೂಡಲೇ ಗುಂಪಿನಲ್ಲಿ ಹುಯಿಲೆದ್ದಿತು. ನಿಜ ಹೇಳಿದ್ದಳು, ಆದರೆ ಆ ದಿನಗಳಲ್ಲಿ ಆ ಹೆಸರಿಗೆ ರಜಾಕಾರ ಎಂಬ ಒಂದೇ ಅರ್ಥವಿತ್ತು. ಯಾರೋ "ವಿಷ" ಎಂದರು. ಕೂಸು ಸತ್ತದ್ದು ಹಿಂದಿನ ದಿನ, ಪುಡಿ ಬಿದ್ದದ್ದು ಇವತ್ತು ಎಂಬುದನ್ನು ಯಾರೂ ಎಣಿಸಲಿಲ್ಲ. ಆಗ ಹಣಮಂತಪ್ಪ ಗುಂಪಿನ ಹಿಂದಿನಿಂದ ನುಗ್ಗಿ ಮುಂದೆ ಬಂದ.

"ಇವಳೇ ರೀ! ರಜಾಕಾರರ ಮಂದಿ ಇವಳ ಮನಿಗಿ ಬರ್ತಿದ್ರು, ನಾ ಕಣ್ಣಾರೆ ನೋಡೇನಿ. ಹೋಗೂ ಮುಂದ ಊರಿಗೆ ವಿಷ ಹಾಕಸ್ಲಿಕ್ಕ ಇವಳ ಕೈಯಾಗ ಕೊಟ್ಟು ಹೋಗ್ಯಾರ."

ಸಲೋಮಿ ಅವನ ಮುಖವನ್ನೇ ನೋಡಿದಳು. ಅವನು ಅವಳನ್ನು ನೋಡಲಿಲ್ಲ. ಅವಳಿಗೆ ಸಿಟ್ಟಿಗಿಂತ ಮೊದಲು ಅರ್ಥವಾಯಿತು. ಇವತ್ತು ಊರಿಗೆ ಒಬ್ಬ ದ್ರೋಹಿ ಸಿಕ್ಕಿದರೆ ನಾಳೆ ಕುರಿಯ ಮಾತು ಯಾರೂ ಎತ್ತುವುದಿಲ್ಲ.

"ಚಂದ್ರಭಾಗಾನ್ನ ಕೇಳ್ರಿ," ಎಂದಳು ಸಲೋಮಿ. "ಅಕಿಗಿ ಎಲ್ಲಾ ಗೊತ್ತದ. ಡಬ್ಬಿ ಅಕಿ ಮನ್ಯಾಗೇ ಇತ್ತು."

ಚಂದ್ರಭಾಗಾ ಹೆಂಗಸರ ನಡುವೆ ನಿಂತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ದತ್ತಾತ್ರಿ ಅವಳ ಕಡೆ ತಿರುಗಿದ.

"ನೀನೂ ಜೋಡಿ ಇದ್ದೇನು?"

ಅವಳು ಗಂಡನನ್ನು ನೋಡಿದಳು. ಆಮೇಲೆ ನೆಲ ನೋಡಿದಳು.

"ನಾ ಇರ್ಲಿಲ್ರಿ. ಡಬ್ಬಿ ತಂದು ಇಟ್ಟು ಹೋಗಿದ್ದು ಖರೆ. ಅದರಾಗ ಏನದ ಅಂತ ನಮಗೇನ್ ಗೊತ್ತಾಗಬೇಕ್ರಿ, ಕುರಿ ಕಾಯೂ ಮಂದಿಗಿ?"

ಸಲೋಮಿಯ ಕಂದು ಬೆರಳುಗಳು ಎಲ್ಲರಿಗೂ ಕಾಣುತ್ತಿದ್ದವು. ಚಂದ್ರಭಾಗಾಳ ಬೆರಳುಗಳು ಸೆರಗಿನೊಳಗಿದ್ದವು. ಒಂದು ಮಾತು, ಒಂದೇ ಮಾತು ಆಡಿದ್ದರೆ ಸಾಕಿತ್ತು: ಸೆರಗು ತೆಗೆದು ನೋಡಿರಿ, ಹಣಮಂತಪ್ಪನ ಕುರಿ ಎಲ್ಲಿಗೆ ಹೋದವು ಕೇಳಿರಿ. ಮಾತು ಸಲೋಮಿಯ ನಾಲಿಗೆಯ ತುದಿಗೆ ಬಂದಿತ್ತು. ಗುಂಪಿನವರ ಕೈಯಲ್ಲಿ ಬಡಿಗೆಗಳಿದ್ದವು, ಒಬ್ಬನ ಕೈಯಲ್ಲಿ ಕೊಡಲಿ. ಆ ಮಾತು ಹೊರಬಿದ್ದರೆ ಹಣಮಂತಪ್ಪ ಅಲ್ಲೇ ಹೆಣವಾಗುತ್ತಿದ್ದ. ಅವಳು ಬಾಯಿ ಮುಚ್ಚಿಕೊಂಡಳು. ದೊಡ್ಡತನದಿಂದ ಅಲ್ಲ. ಕಣ್ಣ ಮುಂದೆ ಒಬ್ಬ ಮನುಷ್ಯ ಸಾಯುವುದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ವಿಲ್ಸನ ಓಡಿ ಬಂದ. ನೇರ ಹೋಗಿ ದತ್ತಾತ್ರಿಯ ಕಾಲ ಬಳಿ ಕೂತು ಕೈಮುಗಿದ.

"ತಪ್ಪಾಗ್ಯದ್ರಿ ಧಣಿ. ತಿಳೀಲಾರದೆ ಮಾಡ್ಯಾಳ. ಮಾಫ ಮಾಡ್ರಿ. ಇವತ್ತೇ ಊರು ಬಿಡ್ತೇವಿ."

"ಏನ್ ತಪ್ಪು?" ಸಲೋಮಿ ಕೇಳಿದಳು. "ರೀ, ಏಳ್ರಿ ಮ್ಯಾಲ. ನಾ ಏನ್ ತಪ್ಪು ಮಾಡೇನಿ?"

ಗಂಡನೇ ಒಪ್ಪಿಕೊಂಡ ಮೇಲೆ ಊರಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಆದರೆ ಆ ಒಪ್ಪಿಗೆಯಿಂದಲೇ ಕೊಡಲಿಯವನ ಕೈ ಕೆಳಗಿಳಿಯಿತು ಎಂಬುದೂ ನಿಜ. ಅವರ ಪಾತ್ರೆ, ಹಾಸಿಗೆ, ಸಾಲಿಯ ಹಲಗೆ ಎಲ್ಲ ಬೀದಿಗೆ ಬಿದ್ದವು. ಹೆಂಗಸರು ಕೊಡದ ಕೊರಳಿನಿಂದ ಬಟ್ಟೆಗಳನ್ನು ಹರಿದು ಹರಿದು ಸಲೋಮಿಯ ಮುಂದೆ ಎಸೆದರು. ಕೆಂಪು ಹೊಲಿಗೆಯವು ಬಹಳ ಇದ್ದವು. ಉಟ್ಟ ಸೀರೆಯಲ್ಲಿ ಅವಳು ಗಂಡನ ಹಿಂದೆ ನಡೆದು ಔರಾದ ಸೇರಿದಳು. ಅಲ್ಲಿ ಜಹೀರೋದ್ದೀನನ ಮನೆಯ ಬಾಗಿಲು ತೆರೆದಿತ್ತು, ಒಳಗೆ ಏನೂ ಉಳಿದಿರಲಿಲ್ಲ. ಅವನು ಏನಾದನೆಂದು ಅವಳಿಗೆ ಎಂದೂ ತಿಳಿಯಲಿಲ್ಲ. ತಾನು ಆಡಿದ ಆ ಹೆಸರು ಅವನಿಗೇನಾದರೂ ಕೇಡು ತಂದಿತೋ ಎಂಬ ಕೊರಗು ಮಾತ್ರ ಉಳಿಯಿತು.

ಬೀದರಕ್ಕೆ ಬಂದು ಮೈಲೂರಿನ ತವರುಮನೆ ಸೇರಿದ ಮೇಲೆ ವಿಲ್ಸನ ಸಮಾಧಾನ ಹೇಳಲು ನೋಡಿದ. "ಜೀವ ಉಳೀತಲ್ಲ ಸಲೋಮಿ. ಬ್ಯಾರೆ ಏನ್ ಮಾಡಬೇಕಿತ್ತು ನಾ?"

"ಜೀವ ಉಳಸೀರಿ. ಖರೆ," ಎಂದಳು. "ಆದ್ರ ಇನ್ನ ಮುಂದ ಮಾಳೇವಾಡ್ಯಾಗ ನಾ ವಿಷ ಹಾಕಿದಕಿನೇ. ನಿಮ್ಮ ಬಾಯಿಂದೇ."

ಅವನು ಕೆಟ್ಟವನಲ್ಲ ಎಂದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದುದರಿಂದ ಜಗಳವಾಡಲೂ ಆಗಲಿಲ್ಲ. ಸರ್ಕಾರಿ ದವಾಖಾನೆಗೆ ನರ್ಸ್ ಬೇಕೆಂದು ಗೊತ್ತಾದಾಗ ಅವಳು ಭಾಲ್ಕಿಗೆ ಹೋದಳು. ವಿಲ್ಸನ ಬೀದರದಲ್ಲೇ ಸಾಲಿ ಕಲಿಸುತ್ತ ಉಳಿದ. ಶನಿವಾರ ರೈಲಿನಲ್ಲಿ ಬಂದು ಭಾನುವಾರ ಹೋಗುತ್ತಿದ್ದ. ಇಬ್ಬರೂ ಅಡಿಗೆಯ ಮಾತಾಡುತ್ತಿದ್ದರು, ಹವೆಯ ಮಾತಾಡುತ್ತಿದ್ದರು, ಮಾಳೇವಾಡಿಯ ಮಾತನ್ನು ಮಾತ್ರ ಆಡುತ್ತಿರಲಿಲ್ಲ.

ಭಾಲ್ಕಿಯಲ್ಲಿ ಅವಳ ಕೆಲಸ ಮತ್ತೆ ಹಳೇ ದಾರಿಗೇ ಬಂತು. ಸಾಯಗಾಂವದ ಕಡೆಯ ಹಳ್ಳಿಗಳಲ್ಲಿ ಬಾಣಂತಿಯರನ್ನು ನೋಡಲು ಹೋದಾಗ ನೀರಿನ ಕೊಡ ನೋಡುತ್ತಿದ್ದಳು, ಬಟ್ಟೆ ಕಟ್ಟುತ್ತಿದ್ದಳು. ಆದರೆ ಒಬ್ಬಳನ್ನೇ ಹಿಡಿದು ಕಲಿಸುವುದನ್ನು ಬಿಟ್ಟಿದ್ದಳು. ನಾಲ್ಕು ಹೆಂಗಸರು ಸೇರಿದ ಕಡೆಯಲ್ಲೇ ಮಾತು. ಯಾರ ಮನೆಯಲ್ಲೂ ಔಷಧಿ ಇಡುತ್ತಿರಲಿಲ್ಲ, ಯಾರನ್ನೂ ತಂಗಿ ಎನ್ನುತ್ತಿರಲಿಲ್ಲ. ಭಾಲ್ಕಿಯವರು ಅವಳನ್ನು ಕಡಕ್ ನರ್ಸಬಾಯಿ ಎಂದು ಕರೆದರು.

ಒಂದು ದಿನ ದವಾಖಾನೆಗೆ ಚೊಚ್ಚಲ ಬಸುರಿಯೊಬ್ಬಳು ಬಂದಳು. ಕುಡಿಯಲು ನೀರು ಕೊಟ್ಟರೆ, ನಡುವಿಗೆ ಸಿಕ್ಕಿಸಿಕೊಂಡಿದ್ದ ಹಳದಿ ಬಟ್ಟೆ ತೆಗೆದು ತಂಬಿಗೆಯ ಬಾಯಿಗೆ ಹಾಕಿ ಸೋಸಿ ಕುಡಿದಳು. ಎರಡು ಮಡಿಕೆ, ಅಂಚಿಗೆ ಹೊಲಿಗೆ.

"ಇದು ಯಾರು ಕಲಿಸಿದ್ರು?" ಸಲೋಮಿ ಬಟ್ಟೆಯ ಅಂಚು ಹಿಡಿದು ನೋಡಿದಳು.

"ಮಲ್ಲಣ್ಣನ ಬಟ್ಟಿ ರೀ ಬಾಯಿ. ನಾ ಹೋದ ವರ್ಷ ಲಗ್ನಾಗಿ ಹೋದ ಮಾಳೇವಾಡ್ಯಾಗ ಎಲ್ಲಾರ ಮನ್ಯಾಗೂ ಅದ. ಚಂದ್ರಭಾಗಾ ಕಾಕೂನ ಕನಸಿನ್ಯಾಗ ಮೈಲಾರ ಮಲ್ಲಣ್ಣ ದೇವರು ಬಂದು ಹೇಳ್ಯಾನಂತ. ಅರಿಷಿಣ ಭಂಡಾರದಾಗ ಅದ್ದಿದ ಬಟ್ಟಿಲೆ ಸೋಸಿ ಕುಡೀರಿ, ನಾರು ಬರಲ್ಲ ಅಂತ. ನೀವೂ ಮಾಡ್ರಿ, ಛಲೋ ಆಗ್ತದ."

ಸಲೋಮಿ ಆ ಹುಡುಗಿಯ ಹೊಟ್ಟೆ ಮುಟ್ಟಿ ನೋಡಿದಳು, ಹೇಳುವುದನ್ನು ಹೇಳಿ ಕಳಿಸಿದಳು. ಆಮೇಲೆ ಹಿಂದಿನ ಕೋಣೆಗೆ ಹೋಗಿ ಬಹಳ ಹೊತ್ತು ಕೈ ತೊಳೆದಳು. ರೂಢಿ ಸತ್ತಿಲ್ಲ ಎಂದು ಸಂತೋಷಪಡಬೇಕಿತ್ತು. ಸಂತೋಷ ಬರಲಿಲ್ಲ.

ಪೊಲೀಸ್ ಆಕ್ಷನ್ ಆಗಿ ಐದಾರು ವರ್ಷಗಳಾದ ಮೇಲೆ, ಇನ್ನೂ ಹೈದರಾಬಾದ್ ರಾಜ್ಯವಿದ್ದಾಗಲೇ, ಬೀದರದಲ್ಲಿ ಆರೋಗ್ಯದ ಒಂದು ಸಭೆ ನಡೆಯಿತು. ಸುತ್ತಲಿನ ಊರುಗಳಲ್ಲೆಲ್ಲ ನಾರುಹುಳವಿದ್ದರೂ ಒಂದು ಮಾಳೇವಾಡಿಯಲ್ಲಿ ಇಲ್ಲವೆಂದು ಆರೋಗ್ಯ ಇಲಾಖೆಯ ಸಾಹೇಬರು ಕಂಡುಕೊಂಡಿದ್ದರಂತೆ. ಅದಕ್ಕೆ ಕಾರಣಳಾದ ಹೆಂಗಸಿಗೆ ಸನ್ಮಾನ. ತಾಲ್ಲೂಕುಗಳ ನರ್ಸುಗಳೆಲ್ಲ ಬರಬೇಕೆಂದು ಹೇಳಿಕಳಿಸಿದ್ದರು. ಸಲೋಮಿ ಹಿಂದಿನ ಸಾಲಿನಲ್ಲಿ ಕೂತಳು. ವೇದಿಕೆಯ ಮೇಲೆ ಚಂದ್ರಭಾಗಾ ಹೊಸ ಇಳಕಲ್ ಸೀರೆ ಉಟ್ಟು ನಿಂತಿದ್ದಳು, ಪಕ್ಕದಲ್ಲಿ ದತ್ತಾತ್ರಿ, ಕೆಳಗೆ ಮುಂದಿನ ಸಾಲಿನಲ್ಲಿ ಹೊಸ ರುಮಾಲಿನ ಹಣಮಂತಪ್ಪ. ಸಾಹೇಬರು ಶಾಲು ಹೊದಿಸಿ, ಈ ಉಪಾಯ ಹೇಗೆ ಹೊಳೆಯಿತು ಹೇಳಮ್ಮ ಎಂದರು. ಚಂದ್ರಭಾಗಾ ಕನಸಿನ ಕಥೆ ಹೇಳಿದಳು. ಹೇಳಿ ಹೇಳಿ ಸಲೀಸಾದ ದನಿ. ಕೊಡದ ಕೊರಳಿಗೆ ಕಟ್ಟಿದರೆ ಮರೆಯುವುದಿಲ್ಲ ಎಂದಳು, ಒಂದೊಂದೇ ಹೇಳಬೇಕು, ಎಲ್ಲ ಒಮ್ಮೆಗೇ ಹೇಳಿದರೆ ಜನ ಕೇಳುವುದಿಲ್ಲ ಎಂದಳು. ಸಲೋಮಿಯ ಮಾತುಗಳೇ, ಒಂದೂ ತಪ್ಪಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಸಲೋಮಿಯ ಪಕ್ಕದ ನರ್ಸ್ ಕೂಡ, "ಎಷ್ಟು ಶಾಣ್ಯಾಕಿ ನೋಡ್ರಿ," ಎಂದಳು.

ಸಭೆ ಮುಗಿದು ಜನ ಊಟಕ್ಕೆ ಎದ್ದಾಗ ಸಲೋಮಿ ನೀರಿನ ಹಂಡೆಯ ಬಳಿ ಹೋಗಿ ನಿಂತಳು. ಚಂದ್ರಭಾಗಾ ಕೈ ತೊಳೆಯಲು ಅಲ್ಲಿಗೇ ಬಂದಳು. ತಲೆಯೆತ್ತಿ ನೋಡಿದವಳ ಕೈಯಿಂದ ತಂಬಿಗೆ ಜಾರಿತು.

"ಬಾಯಿ..."

"ಮಲ್ಲಣ್ಣ ಅಂದ್ರ ನಾನೇನು?" ಎಂದಳು ಸಲೋಮಿ.

ಚಂದ್ರಭಾಗಾಳ ಕಣ್ಣು ತುಂಬಿತು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದಳು. "ನೀವು ಹೋದ ಮ್ಯಾಲ ಬಟ್ಟಿ ಮುಟ್ಟಿದವರನ್ನ ಬೈತಿದ್ರು ರೀ. ವಿಷದ ಬಾಯಿ ಬಟ್ಟಿ ಅಂತಿದ್ರು. ಮರುವರ್ಷ ನನ್ನ ಮಗಳ ಕಾಲಾಗ ನಾರು ಎದ್ದಿತು. ನೀವೇ ಹೆರಿಗಿ ಮಾಡಿಸಿದ್ದ ಮಗಳು. ಏನ್ ಮಾಡ್ಲಿ ನಾ? ನಿಮ್ಮ ಹೆಸರು ತಗೊಂಡ್ರ ಯಾರೂ ಸೋಸ್ತಿರ್ಲಿಲ್ಲ. ದೇವರ ಹೆಸರು ಹೇಳ್ದೆ, ಕೇಳಿದ್ರು. ಬಟ್ಟಿ ಉಳೀಲಿ ಅಂತ ಮಾಡಿದ್ದು ರೀ ಬಾಯಿ."

ಮಾತು ಸುಳ್ಳಲ್ಲ ಎಂದು ಸಲೋಮಿಗೆ ಅನ್ನಿಸಿತು. ಅದೇ ಇನ್ನಷ್ಟು ಉರಿಸಿತು.

"ಬಟ್ಟಿ ಉಳಿಸಿದಿ. ಛಲೋ ಮಾಡಿದಿ. ಅವತ್ತು ಚಾವಡಿ ಮುಂದ ಏನ್ ಉಳಿಸ್ಲಿಕ್ಕ ಸುಳ್ಳ ಹೇಳಿದಿ?"

ಚಂದ್ರಭಾಗಾ ಬಗ್ಗಿ ಬಿದ್ದ ತಂಬಿಗೆಯನ್ನು ಎತ್ತಿಕೊಂಡಳು.

"ನಿನ್ನ ಗಂಡನ ಕುರಿ ಸುದ್ದಿ ಇವತ್ತಿನ ತನಕ ನನ್ನ ಬಾಯಿಂದ ಹೊರಗ ಬಂದಿಲ್ಲ. ಗೊತ್ತದೇನು?"

"ಗೊತ್ತದ್ರಿ. ಅದಕ್ಕೇ ನಿಮ್ಮ ಮಾರಿ ನೋಡ್ಲಿಕ್ಕ ಆಗಲ್ಲ ನನಗ. ನೀವು ಅವತ್ತು ಅಂದುಬಿಟ್ಟಿದ್ರ ನಿಮ್ಮನ್ನ ಬೈಕೋತಾದ್ರೂ ಬದುಕ್ತಿದ್ದೆ."

"ಹಂಗಾದ್ರ ಈಗ ಹೋಗು. ಸಾಹೇಬರು ಇನ್ನೂ ಅಲ್ಲೇ ಅದಾರ, ದತ್ತಾತ್ರಿನೂ ಅದಾನ. ವಿಷ ಅಲ್ಲ ಔಷಧ ಇತ್ತು, ನಾನೂ ಜೋಡಿ ಹಾಕೇನಿ ಅಂತ ಅಷ್ಟೇ ಅನ್ನು. ಬ್ಯಾರೆ ಏನೂ ಬ್ಯಾಡ."

ಚಂದ್ರಭಾಗಾ ಮಂಟಪದ ಕಡೆ ನೋಡಿದಳು. ಅಲ್ಲಿ ಹಣಮಂತಪ್ಪ ದತ್ತಾತ್ರಿಯ ಪಕ್ಕದಲ್ಲಿ ಊಟಕ್ಕೆ ಕೂತು ನಗುತ್ತಿದ್ದ. ಅವಳ ತುಟಿ ಅಲುಗಿತು, ಕಾಲು ಅಲುಗಲಿಲ್ಲ.

"ಆಗಲ್ರಿ ಬಾಯಿ," ಎಂದಳು ಕಡೆಗೆ. "ಒಮ್ಮಿ ನೀವೇ ಊರಿಗಿ ಬರ್ರಿ. ಈಗ ಯಾರೂ ಏನೂ ಅನ್ನಲ್ಲ. ನಮ್ಮ ಮನ್ಯಾಗೇ ಉಣ್ರಿ."

"ಯಾವ ಹೆಸರಲೆ ಬರ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಲೋಮಿ ಹೊರಟುಬಿಟ್ಟಳು. ಊಟ ಮಾಡಲಿಲ್ಲ.

ವಿಲ್ಸನ ಅವಳನ್ನು ಭಾಲ್ಕಿಯ ರೈಲು ಹತ್ತಿಸಲು ಸ್ಟೇಶನ್ನಿಗೆ ಬಂದಿದ್ದ. ಬೆಂಚಿನ ಮೇಲೆ ಕೂತಾಗ ಅವಳು ಕುರಿಯ ಸಂಗತಿಯನ್ನು ಮೊದಲ ಸಲ ಅವನಿಗೆ ಹೇಳಿದಳು. ಅವನು ಕೇಳುತ್ತ ಕೇಳುತ್ತ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಇಷ್ಟೆಲ್ಲ ಗೊತ್ತಿದ್ದು ನೀ ಸುಮ್ಮನಿದ್ದಿ. ನಾ ಮಾತ್ರ ಕಾಲಿಗಿ ಬಿದ್ದು ನೀ ತಪ್ಪು ಮಾಡಿದಿ ಅಂದೆ," ಎಂದ. ಆಮೇಲೆ, "ನನ್ನ ಮಾಫ ಮಾಡ್ತೀಯೇನು?" ಎಂದು ಕೇಳಿದ.

"ನಿಮ್ಮನ್ನ ಮಾಡೇನಿ. ಯಾವಾಗೋ ಮಾಡೇನಿ," ಎಂದಳು ಸಲೋಮಿ. "ಅಕಿನ್ನ ಆಗವಲ್ದು."

ಮುಂದೆಯೂ ಆಗಲಿಲ್ಲ. ರಾಜ್ಯ ಒಡೆದು ಬೀದರ ಮೈಸೂರಿಗೆ ಸೇರಿದ ಮೇಲೂ ಅವಳು ಭಾಲ್ಕಿಯಲ್ಲೇ ದುಡಿದಳು. ಆ ಸಭೆಯ ಮುಂದಿನ ವರ್ಷವೇ ವಿಲ್ಸನ ಭಾಲ್ಕಿಗೆ ಬದಲಿ ಮಾಡಿಸಿಕೊಂಡು ಬಂದ, ಇಬ್ಬರೂ ಒಂದೇ ಮನೆಯಲ್ಲಿ ಮುಪ್ಪಾದರು. ಚಂದ್ರಭಾಗಾ ಒಂದು ವರ್ಷ ತಾನೇ ನೂತ ಉಣ್ಣೆಯ ಕಂಬಳಿಯೊಂದನ್ನು ಯಾರದೋ ಕೈಯಲ್ಲಿ ಕಳಿಸಿದಳು. ಸಲೋಮಿ ಅದನ್ನು ತಂದವರ ಕೈಯಲ್ಲೇ ತಿರುಗಿ ಕಳಿಸಿದಳು. ಮಾಳೇವಾಡಿಯಿಂದ ಬಂದ ಬಾಣಂತಿಯರನ್ನು ಉಳಿದವರಷ್ಟೇ ಜತನದಿಂದ ನೋಡಿಕೊಂಡಳು. ಅವರು ಊರಿನ ಸುದ್ದಿ ತೆಗೆದರೆ ಎದ್ದು ಬೇರೆ ಹಾಸಿಗೆಯ ಕಡೆ ಹೋಗುತ್ತಿದ್ದಳು.